ಓಲೆ ಹೊತ್ತವನೂ ಓದಿದವನೂ: ಯುದ್ಧಕ್ರೀಡೆಯಲ್ಲಿ ಸೇನಾಪತಿಗಳ ಸಂದೇಶವೆಂಬ ಪ್ರಶ್ನೆ

ಇಂದು ಹೊಸನಗರ ತಾಲ್ಲೂಕಿನಲ್ಲಿ ನಗರವೆಂಬ ಹೆಸರಿನ ಚಿಕ್ಕ ಊರಾಗಿ ಉಳಿದಿರುವ, ಅಂದು ಬಿದನೂರೆಂದೂ ಹೈದರ್‌ನಗರವೆಂದೂ ಪ್ರಖ್ಯಾತವಾಗಿದ್ದ ಕೋಟೆಯಲ್ಲಿ, 1783ನೆಯ ಇಸವಿಯ ಜನವರಿ ತಿಂಗಳಲ್ಲಿ, ಅಲ್ಲಿಯ ಅಧಿಪತಿಯಾಗಿದ್ದ ಅಯಾಜನು ಮೂಡಣ ದಿಕ್ಕಿನಿಂದ ಬರುವ ಪ್ರತಿಯೊಂದು ಪತ್ರವನ್ನೂ, ಅದು ಯಾರ ಹೆಸರಿಗೇ ಇರಲಿ, ಮೊದಲು ತನ್ನೆದುರಿಗೆ ತರತಕ್ಕುದೆಂದು ಕಟ್ಟಪ್ಪಣೆ ಮಾಡಿದ್ದನು. ಅವನಿಗೆ ಓದುಬರಹ ತಿಳಿಯದು. ಹಾಗೆ ತಡೆದು ತಂದ ಪತ್ರಗಳಲ್ಲೊಂದನ್ನು ಬ್ರಾಹ್ಮಣನೊಬ್ಬನು ಓದಿ ಹೇಳಿದಾಗ, ಅದು ತನ್ನ ಕೈಕೆಳಗಿನ ಅಧಿಕಾರಿಗೆ ಟಿಪ್ಪುವಿನಿಂದ ಬಂದ ಆಜ್ಞೆಯೆಂದೂ, ತನ್ನನ್ನು ಕೊಂದು ಅಧಿಕಾರವನ್ನು ವಹಿಸಿಕೊಳ್ಳಬೇಕೆಂಬುದು ಅದರ ತಾತ್ಪರ್ಯವೆಂದೂ ಅಯಾಜನಿಗೆ ತಿಳಿಯಿತು. ಗುಟ್ಟು ಹೊರಬೀಳದಿರಲೆಂದು ಅವನು ಪತ್ರವನ್ನೋದಿದ ಆ ನಿರಪರಾಧಿಯನ್ನು ಅಲ್ಲಿಯೇ ಕೊಲ್ಲಿಸಿ, ಪತ್ರವನ್ನು ಜೇಬಿನಲ್ಲಿಟ್ಟುಕೊಂಡು, ಕುದುರೆಯೇರಿ ಕೋಟೆಗೆ ಹೊರಟುಹೋದನೆಂದು ಮೈಸೂರಿನ ಇತಿಹಾಸವನ್ನು ಬರೆದ ಕರ್ನಲ್ ಮಾರ್ಕ್ ವಿಲ್ಕ್ಸನು ಹೇಳುತ್ತಾನೆ. ಆ ತಿಂಗಳು ಮುಗಿಯುವುದರೊಳಗಾಗಿ ಕೋಟೆಯು ಮುತ್ತಿಗೆಯಿಲ್ಲದೆ ಮುಂಬಯಿಯ ಇಂಗ್ಲಿಷ್ ಸೇನೆಯ ವಶವಾಯಿತು.

ಈ ವೃತ್ತಾಂತವನ್ನು ಮೇಜಿನ ಮೇಲೆ ಇರಿಸುವುದು ಹೇಗೆ? ಇತಿಹಾಸದ ಕದನಗಳನ್ನು ಸೀಸದ ಅಥವಾ ಪ್ಲಾಸ್ಟಿಕ್ಕಿನ ಪುಟ್ಟ ಸೈನಿಕಪ್ರತಿಮೆಗಳಿಂದ, ಅಳತೆಗೆ ತಕ್ಕ ಗುಡ್ಡ, ಹೊಳೆ, ಕೋಟೆಗಳ ನಡುವೆ, ನಿಯಮಬದ್ಧವಾಗಿ ಮತ್ತೆ ಆಡಿ ನೋಡುವ ಯುದ್ಧಕ್ರೀಡೆಯನ್ನು, ಎಂದರೆ ವಾರ್‌ಗೇಮನ್ನು, ಬಲ್ಲವರೆಲ್ಲರೂ ಒಂದಲ್ಲ ಒಂದು ದಿನ ಎದುರಿಸಿರುವ ತೊಡಕು ಇದು. ಕಾಲಾಳಿನ ನಡಿಗೆಗೆ ಅಳತೆಗೋಲುಂಟು. ಫಿರಂಗಿಯ ಗುಂಡಿಗೆ ದಾಳವುಂಟು. ಆದರೆ ಒಬ್ಬ ಸೇನಾಪತಿಯ ಮನಸ್ಸಿನಿಂದ ಮತ್ತೊಬ್ಬನ ಮನಸ್ಸಿಗೆ ಸಾಗುವ ಮಾತಿಗೆ ಅಳತೆ ಯಾವುದು? ಈ ಪ್ರಶ್ನೆಗೆ ಇನ್ನೂರು ವರ್ಷಗಳಿಂದ ಬಂದಿರುವ ಉತ್ತರಗಳನ್ನು ಮಲೆನಾಡಿನ ಒಂದು ದಂಡಯಾತ್ರೆಯ ಒರೆಗಲ್ಲಿಗೆ ಉಜ್ಜಿ ನೋಡುವುದು ಈ ಲೇಖನದ ಉದ್ದೇಶ.

ಬಿದನೂರಿನ ಓಲೆಗಳು

ಕೆಳದಿಯಿಂದ ಇಕ್ಕೇರಿಗೆ, ಇಕ್ಕೇರಿಯಿಂದ ಬಿದನೂರಿಗೆ ರಾಜಧಾನಿಯನ್ನು ಸಾಗಿಸಿದ ನಾಯಕ ಅರಸರು ತಮ್ಮ ಪಟ್ಟಣವನ್ನು ಗೋಡೆಗಿಂತ ಹೆಚ್ಚಾಗಿ ಕಾಡಿಗೂ ಕಣಿವೆಗೂ ಒಪ್ಪಿಸಿದ್ದರು. ಸುತ್ತಣ ಬೆಟ್ಟಸಾಲು, ಅದರ ಬಾಯಿಗಳಲ್ಲಿ ಕಡಂಗ, ಪಡುವಣಕ್ಕೆ ಘಟ್ಟದ ಕಡಿದಾದ ಇಳಿಜಾರು, ತೆಂಕಣಕ್ಕೆ ಇಂದಿನ ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗ, ಮೂಡಣದ ಬಯಲುದಾರಿಯಲ್ಲಿ ಇಂದಿನ ಸಾಗರ ತಾಲ್ಲೂಕಿನ ಆನಂದಪುರ, ಅಂದಿನವರು ಕರೆಯುತ್ತಿದ್ದಂತೆ ಅನಂತಪುರ. ಇಂತಹ ನಾಡಿನಲ್ಲಿ ಕೋಟೆಯು ಬೀಳುವುದು ಗೋಡೆ ಒಡೆದಾಗಲಲ್ಲ, ದಾರಿ ತಿಳಿದಾಗ. 1763ರಲ್ಲಿ ಹೈದರನು ಬಿದನೂರಿನ ಮೇಲೆ ನಡೆದು ಬಂದಾಗ ರಾಣಿ ವೀರಮ್ಮಾಜಿಯ ಕಡೆಯಿಂದ, ಹಿಂದಿರುಗಿದರೆ ಇಷ್ಟು ವರಹ, ಇನ್ನಷ್ಟು ವರಹ ಎಂದು ಮೊತ್ತವನ್ನು ಏರಿಸುತ್ತ ಸಂಧಾನದ ಮಾತುಗಳು ಬಂದವು. ಅವನ ಕಿವಿಗೆ ಮಾತ್ರ ಸೆರೆಯಲ್ಲಿದ್ದ ಹಳೆಯ ಮಂತ್ರಿ ಲಿಂಗಣ್ಣನು ತಿಳಿಸಿದ ಗುಪ್ತಮಾರ್ಗದ ಸುದ್ದಿ ಬಿದ್ದಿತ್ತು. ಹೆಬ್ಬಾಗಿಲ ಕಡೆ ಗದ್ದಲದ ಹುಸಿದಾಳಿ, ಕಾಡಿನ ಕಡೆಯಿಂದ ನಿಜವಾದ ಪ್ರವೇಶ. ನಗರದ ಕೋಟೆಯ ಮೇಲೆ ನಿಂತು ಸುತ್ತ ನೋಡಿದವರಿಗೆ, ಅಲ್ಲಿ ಕಣ್ಣಿಗಿಂತ ಕಿವಿಯೇ ಸೇನಾಪತಿಗೆ ಮುಖ್ಯವಾಗಿದ್ದಿತೆಂಬುದು ಹೇಳದೆಯೇ ಅರ್ಥವಾಗುತ್ತದೆ.

ಇಪ್ಪತ್ತು ವರ್ಷಗಳ ತರುವಾಯದ ಕಥೆಯಾದರೋ ಮೊದಲಿಂದ ಕೊನೆಯವರೆಗೆ ಓಲೆಗಳಿಂದಲೇ ಹೆಣೆದುದಾಗಿದೆ. 1782ರ ಡಿಸೆಂಬರ್ 7ರಂದು ಹೈದರನು ಚಿತ್ತೂರಿನ ಸಮೀಪದ ಪಾಳೆಯದಲ್ಲಿ ತೀರಿಕೊಂಡನು. ಪೂರ್ಣಯ್ಯ, ಕೃಷ್ಣರಾಯ ಮೊದಲಾದ ಅಧಿಕಾರಿಗಳು ಮರಣವಾರ್ತೆಯನ್ನು ಸೇನೆಯಿಂದಲೇ ಮುಚ್ಚಿಟ್ಟು, ಶವವನ್ನು ಖಜಾನೆಯ ಪೆಟ್ಟಿಗೆಯೆಂಬಂತೆ ಕೋಲಾರಕ್ಕೆ ಕಳುಹಿಸಿ, ಮಲಬಾರಿನಲ್ಲಿ ಕಾದಾಡುತ್ತಿದ್ದ ಟಿಪ್ಪುವಿಗೆ ವೇಗದ ಸವಾರರ ಕೈಯಲ್ಲಿ ಸುದ್ದಿ ಮುಟ್ಟಿಸಿದರು. ಕೆಲವೇ ದಿನಗಳಲ್ಲಿ ಅದು ಅವನನ್ನು ತಲುಪಿತು. ತಲುಪುವ ಓಲೆಯ ವೇಗವೂ ತಲುಪದ ವಾರ್ತೆಯ ಮೌನವೂ ಕೂಡಿ ಒಂದು ಸಿಂಹಾಸನವನ್ನು ಉಳಿಸಿದುವು.

ಆದರೂ ಸುದ್ದಿ ಮುಂಬಯಿಗೆ ಮುಟ್ಟಿತು. ಆ ವರ್ಷದ ಕೊನೆಯ ದಿನಗಳಲ್ಲಿ ಮುಂಬಯಿ ಸರಕಾರವು, ಆಗ ಪಶ್ಚಿಮ ಕರಾವಳಿಯಲ್ಲಿ ದಂಡಿಳಿಸಿದ್ದ ಜನರಲ್ ರಿಚರ್ಡ್ ಮ್ಯಾಥ್ಯೂಸನಿಗೆ, ಹೈದರನು ಸತ್ತಿರುವ ವಾರ್ತೆ ನಿಜವಾದರೆ ಕರಾವಳಿಯ ಕೆಲಸವನ್ನೆಲ್ಲ ಬಿಟ್ಟು ನೇರವಾಗಿ ಬಿದನೂರನ್ನು ಹಿಡಿಯಬೇಕೆಂಬ ಖಂಡಿತವಾದ ಆಜ್ಞೆಯನ್ನು ಬರೆದು ಕಳುಹಿಸಿತು. ಹೊನ್ನಾವರವನ್ನು ಗೆದ್ದಿದ್ದ ಮ್ಯಾಥ್ಯೂಸನು ಈ ಆಜ್ಞೆಯು ತನ್ನ ವಿವೇಚನೆಗೆ ಎಡೆಗೊಡುವುದಿಲ್ಲವೆಂದು ಆಕ್ಷೇಪಿಸಿದನು, ಆಕ್ಷೇಪಿಸಿಯೂ ಪಾಲಿಸಿದನು. ಕುಂದಾಪುರದ ಮೇಲಿಂದ ಹೊಸಂಗಡಿಯ ಘಟ್ಟವನ್ನು ಏರಿದನು. ಮೇಲೆ ಹೈದರ್‌ಗಢದ ಅಟ್ಟಣೆಗಳಲ್ಲಿ ದಂಡಿತ್ತು, ತೋಪುಗಳಿದ್ದುವು, ಇಳಿಜಾರಿನ ಅನುಕೂಲವೆಲ್ಲ ರಕ್ಷಕರದಾಗಿತ್ತು. ಅಷ್ಟರಲ್ಲಿ ಮೇಲಿಂದ ಕೆಳಕ್ಕೆ ಒಬ್ಬ ದೂತನು ಬಂದನು. ಈ ದೂತನು ಡೊನಾಲ್ಡ್ ಕ್ಯಾಂಪ್‌ಬೆಲ್ ಎಂಬ ಸ್ಕಾಟಿಷ್ ಅಧಿಕಾರಿ; ಹಡಗು ಒಡೆದು ಕರಾವಳಿಗೆ ಬಿದ್ದು ಬಿದನೂರಿನಲ್ಲಿ ಸೆರೆಯಾಗಿದ್ದವನು. ಅಯಾಜನು ಅವನನ್ನೇ ಸೆರೆಯಿಂದ ಬಿಡಿಸಿ ಮ್ಯಾಥ್ಯೂಸನಲ್ಲಿಗೆ ಕಳುಹಿಸಿದನು. ಅವನೇ ಕೌಲಿನೊಡನೆ, ಎಂದರೆ ಅಭಯಪತ್ರದೊಡನೆ, ಹಿಂದಿರುಗಿ ಬಂದನು. 1795ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಈ ಸಂಗತಿಯನ್ನು ಅವನು ದೀರ್ಘವಾಗಿ ವರ್ಣಿಸಿದ್ದಾನೆ.

ಇಷ್ಟಕ್ಕೆ ಮುಗಿಯಲಿಲ್ಲ. ಅಯಾಜನ ಆಜ್ಞೆಯಂತೆ ಶರಣಾಗಬೇಕಾಗಿದ್ದ ಅನಂತಪುರದ ಕೋಟೆಗೆ, ಅಯಾಜನ ಸ್ಥಾನವನ್ನು ವಹಿಸಿಕೊಳ್ಳಲೆಂದು ಟಿಪ್ಪು ಕಳುಹಿಸಿದ್ದ ಲುತ್ಫ್ ಅಲಿ ಬೇಗನ ಜನರು ಬಂದು ಸೇರಿದರು. ಒಂದೇ ಕೋಟೆಗೆ ಇಬ್ಬರು ಯಜಮಾನರ ಎರಡು ನಿರೂಪಗಳು! ಕೋಟೆ ನಮ್ಮದಾಯಿತೆಂದು ತಿಳಿದು ಬಿಳಿಯ ಬಾವುಟ ಹಿಡಿದು ಬಂದ ಇಂಗ್ಲಿಷರ ಮೇಲೆ ಒಳಗಿನವರು ಗುಂಡು ಹಾರಿಸಿದರು. ಹೊರಗಿನವರು ಅದನ್ನು ವಚನಭಂಗವೆಂದು ಬಗೆದರು. ಫೆಬ್ರುವರಿಯಲ್ಲಿ ಲಗ್ಗೆಹತ್ತಿ ಕೋಟೆಯನ್ನು ಹಿಡಿದಾಗ ಅಲ್ಲಿ ನಡೆದ ಕೊಲೆಯು ಇಂಗ್ಲೆಂಡಿನಲ್ಲಿಯೂ ನಿಂದೆಗೆ ಗುರಿಯಾಯಿತು. ಒಳಗಿನವರಲ್ಲಿ ಎಷ್ಟು ಮಂದಿಗೆ ಯಾವ ನಿರೂಪದ ಮಾತು ತಿಳಿದಿತ್ತೋ, ಸತ್ತವರು ಹೇಳಲಾರರು.

ಇತ್ತ ಬಿದನೂರಿನ ಖಜಾನೆಯ ವಿಷಯವಾಗಿ ಗೆದ್ದವರಲ್ಲಿಯೇ ಜಗಳ ಹುಟ್ಟಿ, ಕರ್ನಲ್ ಮೆಕ್ಲಾಡ್, ಕರ್ನಲ್ ಹಂಬರ್‌ಸ್ಟನ್, ಮೇಜರ್ ಷಾ ಎಂಬ ಮೂವರು ಮುಂಬಯಿಗೆ ಹೋಗಿ ಮ್ಯಾಥ್ಯೂಸನ ಮೇಲೆ ದೂರಿತ್ತರು. ಸರಕಾರವು ಮ್ಯಾಥ್ಯೂಸನನ್ನು ಬದಿಗಿರಿಸಿ ಮೆಕ್ಲಾಡನನ್ನು ಸೇನಾಪತಿಯನ್ನಾಗಿ ನೇಮಿಸಿತು. ನೇಮಕದೊಡನೆ ಮೂವರೂ ‘ರೇಂಜರ್’ ಎಂಬ ಹಡಗಿನಲ್ಲಿ ಹಿಂದಿರುಗುತ್ತಿದ್ದಾಗ, 1783ರ ಏಪ್ರಿಲ್ 8ರಂದು, ವಿಜಯದುರ್ಗದ ಕಡಲಿನಲ್ಲಿ ಮರಾಠರ ನೌಕಾಪಡೆಯು ಅದನ್ನು ಮುತ್ತಿ ಹಿಡಿಯಿತು. ಷಾ ಸತ್ತನು, ಹಂಬರ್‌ಸ್ಟನ್ ಮರಣಾಂತಿಕವಾಗಿ ಗಾಯಗೊಂಡನು, ಮೆಕ್ಲಾಡನೂ ಗಾಯಗೊಂಡು ಸೆರೆಯಾದನು. ಇಂಗ್ಲಿಷರಿಗೂ ಮರಾಠರಿಗೂ ಸಾಲಬಾಯಿಯ ಸಂಧಿ 1782ರ ಮೇ ತಿಂಗಳಿನಲ್ಲಿಯೇ ಆಗಿದ್ದಿತು. ಆ ಸಂಧಿಯ ಸುದ್ದಿ ಕಡಲಿನ ಆ ಮೂಲೆಯನ್ನು ಮುಟ್ಟಿತ್ತೋ ಇಲ್ಲವೋ ಎಂಬುದು ಬೇರೆ ವಿವಾದ. ಆ ಏಪ್ರಿಲ್‌ನಲ್ಲಿಯೇ ಟಿಪ್ಪು ದೊಡ್ಡ ದಂಡಿನೊಡನೆ ಬಂದು, ಕವಲೇದುರ್ಗವನ್ನೂ ಹೈದರ್‌ಗಢವನ್ನೂ ತೆಗೆದುಕೊಂಡು, ಘಟ್ಟದ ದಾರಿಯನ್ನು ಕತ್ತರಿಸಿದನು. ಘಟ್ಟ ಕಡಿದಲ್ಲಿ ಕಡಲು ಕಡಿಯಿತು. ಕಡಲು ಕಡಿದಲ್ಲಿ ಮುಂಬಯಿಯ ಮಾತೂ ಕಡಿಯಿತು. ತಿಂಗಳ ಕೊನೆಗೆ ಮ್ಯಾಥ್ಯೂಸನು ಶರಣಾದನು. ಆ ವರ್ಷವೇ ಶ್ರೀರಂಗಪಟ್ಟಣದ ಸೆರೆಯಲ್ಲಿ ಸತ್ತನು.

ಚದುರಂಗದ ಮೌನ

ಯುದ್ಧವನ್ನು ಆಟವಾಗಿಸುವ ವಿದ್ಯೆ ನಮ್ಮವರಿಗೆ ಹೊಸತಲ್ಲ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಚದುರಂಗದ ವಿವರಣೆಯುಂಟು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಮಣೆಯಾಟಗಳಲ್ಲಿ ತೋರಿದ ಆಸಕ್ತಿಯೂ, ಚದುರಂಗದ ಕುದುರೆಯನ್ನು ಮನೆಮನೆಗೂ ತಪ್ಪದೆ ನಡೆಸುವ ಬಂಧಗಳಲ್ಲಿ ಅವರು ಗಳಿಸಿದ ನೈಪುಣ್ಯವೂ ಪ್ರಸಿದ್ಧವಾಗಿವೆ.

ಆದರೆ ಚದುರಂಗದಲ್ಲಿ ಸಂದೇಶವೆಂಬುದಿಲ್ಲ. ಎರಡು ಕಡೆಯವರಿಗೂ ಮಣೆಯೆಲ್ಲ ಕಾಣುತ್ತದೆ. ಆನೆಗೆ ಹೇಳಿದೊಡನೆ ಆನೆ ನಡೆಯುತ್ತದೆ. ಮಂತ್ರಿಯು ಅರಸನ ಮಾತನ್ನು ತಪ್ಪಾಗಿ ತಿಳಿಯುವುದಿಲ್ಲ. ಈ ಮೌನವನ್ನು ದೋಷವೆಂದು ಹಳಿಯುವುದು ನ್ಯಾಯವಲ್ಲ; ಚದುರಂಗವು ಬುದ್ಧಿಯ ಪರೀಕ್ಷೆಯನ್ನು ಕೈಗೊಂಡಿತೇ ಹೊರತು ದಂಡಿನ ಚಿತ್ರವನ್ನಲ್ಲ. 1913ರಲ್ಲಿ ಇಂಗ್ಲೆಂಡಿನ ಲೇಖಕ ಎಚ್. ಜಿ. ವೆಲ್ಸನು ಆಟಿಕೆಯ ಸೈನಿಕರನ್ನೂ ಸ್ಪ್ರಿಂಗಿನ ಫಿರಂಗಿಗಳನ್ನೂ ಇಟ್ಟುಕೊಂಡು ‘ಲಿಟ್ಲ್ ವಾರ್ಸ್’ ಎಂಬ ಪುಸ್ತಕದಲ್ಲಿ ಮನೆಯಂಗಳದ ಕದನಕ್ಕೆ ನಿಯಮಗಳನ್ನು ಬರೆದಾಗಲೂ ಆಡುವವನೇ ಸೇನಾಪತಿ, ಅವನ ಕೈಯೇ ಆಜ್ಞೆ. ಆಟವು ಆಟವಾಗಿಯೇ ಇರಲಿ, ಓಲೆ ಅಂಚೆಗಳ ಗೊಡವೆ ಬೇಡವೆನ್ನುವ ಆಟಗಾರರು ಇಂದೂ ಬಹಳ ಮಂದಿಯಿದ್ದಾರೆ. ಅವರ ಪಕ್ಷದಲ್ಲಿ ಒಂದು ಸತ್ಯವುಂಟು: ಚಿಕ್ಕ ಕಾಳಗದಲ್ಲಿ, ಕೂಗಿದರೆ ಕೇಳುವಷ್ಟು ದೂರದಲ್ಲಿ, ಕಹಳೆಯೂ ನಗಾರಿಯೂ ಸಾಕು.

ಮಧ್ಯಸ್ಥನ ಪಂಥ

ಸಂದೇಶವನ್ನು ಮೊತ್ತಮೊದಲು ಆಟದೊಳಕ್ಕೆ ಬರಮಾಡಿಕೊಂಡವರು ಪ್ರಶ್ಯದ ಸೈನ್ಯಾಧಿಕಾರಿಗಳು. ತಂದೆಯಾದ ರೈಸ್‌ವಿಟ್ಜನು ಆರಂಭಿಸಿದ ‘ಕ್ರೀಗ್ಸ್‌ಸ್ಪೀಲ್’ ಎಂಬ ಕ್ರೀಡೆಯನ್ನು ಮಗನು 1824ರಲ್ಲಿ ಪರಿಷ್ಕರಿಸಿ ಪ್ರಕಟಿಸಿದನು. ಎಂಟು ಸಾವಿರಕ್ಕೆ ಒಂದರಂತೆ ಬರೆದ ಭೂಪಟ, ಎಂದರೆ ನೆಲದ ಮೇಲಿನ ಒಂದು ಕಿಲೋಮೀಟರು ಪಟದ ಮೇಲೆ ಹನ್ನೆರಡೂವರೆ ಸೆಂಟಿಮೀಟರು. ಪ್ರತಿಯೊಂದು ನಡೆಯೂ ಎರಡು ನಿಮಿಷಗಳ ಕಾಲಕ್ಕೆ ಸಮ. ಎರಡು ಪಕ್ಷಗಳ ನಡುವೆ ಒಬ್ಬ ಮಧ್ಯಸ್ಥ. ಸೇನಾಪತಿಗಳು ತಮ್ಮ ಆಜ್ಞೆಗಳನ್ನು ಬರೆದು ಮಧ್ಯಸ್ಥನ ಕೈಗೆ ಕೊಡುವರು. ಓಲೆಕಾರನು ಕುದುರೆಯ ಮೇಲೆ ಅಷ್ಟು ದೂರವನ್ನು ಎಷ್ಟು ಹೊತ್ತಿನಲ್ಲಿ ಕ್ರಮಿಸುವನೆಂಬುದನ್ನು ಅವನು ಗಣಿಸಿ, ಅಷ್ಟು ನಡೆಗಳು ಕಳೆದ ಮೇಲೆ ಮಾತ್ರ ಆಜ್ಞೆಯನ್ನು ಜಾರಿಗೆ ತರುವನು. ಶತ್ರುವಿನ ದಂಡು ಕಣ್ಣಿಗೆ ಕಾಣುವವರೆಗೆ ಪಟದ ಮೇಲೆ ಕಾಣಿಸಿಕೊಳ್ಳುವುದಿಲ್ಲ. ಯುದ್ಧದಲ್ಲಿ ಸುಲಭವಾದುದೂ ಕಷ್ಟವಾಗುತ್ತದೆಂಬ ‘ಘರ್ಷಣೆ’ಯ ತತ್ತ್ವವನ್ನು ಕ್ಲಾಸೆವಿಟ್ಜನ ಗ್ರಂಥವು ಲೋಕದ ಮುಂದಿಟ್ಟುದು 1832ರಲ್ಲಿ, ಅದಕ್ಕೆ ಎಂಟು ವರ್ಷ ಮೊದಲೇ ಒಬ್ಬ ತರುಣ ಅಧಿಕಾರಿಯು ಆ ತತ್ತ್ವಕ್ಕೆ ಕೈಕಾಲು ಮೂಡಿಸಿದ್ದನೆಂಬುದು ಮೆಚ್ಚತಕ್ಕ ಸಂಗತಿ.

ನಿಯಮಗಳ ಹೊರೆಯು ಬೆಳೆದು ಆಟವು ಲೆಕ್ಕಪತ್ರದಂತಾದಾಗ, 1876ರಲ್ಲಿ ವೆರ್ಡಿ ದು ವೆರ್ನ್ವಾ ಎಂಬ ಸೇನಾನಿಯು ಕೋಷ್ಟಕಗಳನ್ನು ಬದಿಗೊತ್ತಿ, ಅನುಭವಿಯಾದ ಮಧ್ಯಸ್ಥನ ನಿರ್ಣಯವೇ ನಿಯಮವೆಂದು ಸಾರಿದನು. ಬಿದನೂರಿನ ಕಥೆಯನ್ನು ಆಡತಕ್ಕುದಾದರೆ ಈ ಪಂಥಕ್ಕೆ ಸಮಾನವಾದ ಸಾಧನವಿಲ್ಲ. ಅಯಾಜನು ಪತ್ರವನ್ನು ತಡೆದುದನ್ನು ಟಿಪ್ಪುವಿನ ಪಾತ್ರವನ್ನು ವಹಿಸಿದ ಆಟಗಾರನಿಂದ ಮುಚ್ಚಿಡಬಲ್ಲವನು ಮಧ್ಯಸ್ಥನೊಬ್ಬನೇ. ರೇಂಜರ್ ಹಡಗು ಮುಳುಗಿತೋ, ಸೆರೆಯಾಯಿತೋ, ಗಾಳಿಗೆ ತಡವಾಯಿತೋ ಎಂಬುದನ್ನು ತಿಳಿಯದೆ ಮ್ಯಾಥ್ಯೂಸನು ಘಟ್ಟದ ಕಡೆಗೆ ನೋಡುತ್ತ ಕುಳಿತ ಆ ದಿನಗಳ ಸಂಕಟವನ್ನು ಬೇರೊಂದು ಕೋಣೆಯಲ್ಲಿ ಕೂರಿಸಿದ ಆಟಗಾರನು ಮಾತ್ರ ಅನುಭವಿಸಬಲ್ಲನು.

ದೋಷವೂ ಅಲ್ಲಿಯೇ ಉಂಟು. ಮಧ್ಯಸ್ಥನ ತೀರ್ಪಿನಲ್ಲಿ ಅವನು ಓದಿದ ಪುಸ್ತಕದ ಬಣ್ಣ ತಪ್ಪದೆ ಬೀಳುತ್ತದೆ. ವಿಲ್ಕ್ಸನನ್ನು ಓದಿದವನು ಅಯಾಜನ ಕೈಗೆ ಕೊಲೆಯ ಆಜ್ಞೆಯನ್ನು ಕೊಡುವನು. ಮೈಸೂರಿನ ಪಕ್ಷದಿಂದ ಬರೆದ ಕಿರ್ಮಾನಿಯನ್ನು ಓದಿದವನು ಅಯಾಜನನ್ನು ಸ್ವಾಮಿದ್ರೋಹಿಯೆಂದೇ ಮೊದಲಿಂದ ಎಣಿಸುವನು. ಎರಡನ್ನೂ ಓದಿದವನು ಸಿಕ್ಕುವುದು ಕಷ್ಟ.

ಬರೆದ ಆಜ್ಞೆಯ ಪಂಥ

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ, ಇಂಗ್ಲೆಂಡಿನಲ್ಲಿ ಡೊನಾಲ್ಡ್ ಫೆದರ್‌ಸ್ಟೋನನ ‘ವಾರ್ ಗೇಮ್ಸ್’ ಎಂಬ 1962ರ ಪುಸ್ತಕದ ತರುವಾಯ ಈ ಕ್ರೀಡೆಯು ಮನೆಮನೆಗೆ ಹಬ್ಬಿದಾಗ, ಪ್ರತಿಯೊಂದು ಮನೆಗೂ ಮಧ್ಯಸ್ಥನು ಸಿಕ್ಕುವಂತಿರಲಿಲ್ಲ. ಇಬ್ಬರೇ ಕುಳಿತು ಆಡಬೇಕಾದಲ್ಲಿ ಸಂದೇಶದ ಸತ್ಯವನ್ನು ಕಾಗದವೇ ಕಾಪಾಡಬೇಕಾಯಿತು. ನಡೆಗೆ ಮುಂಚೆ ಇಬ್ಬರೂ ತಮ್ಮ ತಮ್ಮ ದಳಗಳಿಗೆ ಆಜ್ಞೆಯನ್ನು ಚೀಟಿಯಲ್ಲಿ ಬರೆಯುವುದು, ಏಕಕಾಲದಲ್ಲಿ ತೆರೆಯುವುದು, ಬರೆದುದನ್ನು ಮೀರದೆ ನಡೆಯುವುದು. ಆಜ್ಞೆಯನ್ನು ಬದಲಿಸಬೇಕಾದರೆ ಸೇನಾಪತಿಯ ಪ್ರತಿಮೆಯ ಬಳಿಯಿಂದ ಸವಾರನೊಬ್ಬನ ಪುಟ್ಟ ಪ್ರತಿಮೆಯು ಮೇಜಿನ ಮೇಲೆ ಅಂಗುಲ ಅಂಗುಲವಾಗಿ ಸಾಗಿ ದಳವನ್ನು ಮುಟ್ಟಬೇಕು. ನಡುವೆ ಶತ್ರುವಿನ ರಾವುತರು ಅವನನ್ನು ಹಿಡಿದರೆ ಆಜ್ಞೆಯು ಅಲ್ಲಿಗೇ ಲಯವಾಯಿತು.

ಈ ಪಂಥವು ಬಿಡಿಸಿ ಹೇಳುವುದು ಆಜ್ಞೆಯ ಬಂಧನವನ್ನು. ದೂರದಲ್ಲಿ ಕುಳಿತು ಬರೆದವನಿಗೆ ಕಂಡುದು ಒಂದು, ಹತ್ತಿರದಲ್ಲಿ ನಿಂತು ಓದಿದವನಿಗೆ ಕಾಣುವುದು ಮತ್ತೊಂದು. ಬರಹ ಮಾತ್ರ ಬದಲಾಗದು. 1854ರ ಅಕ್ಟೋಬರ್ 25ರಂದು ಬಾಲಕ್ಲಾವದಲ್ಲಿ ಎತ್ತರದ ಮೇಲಿದ್ದ ಇಂಗ್ಲಿಷ್ ಸೇನಾಪತಿ ಲಾರ್ಡ್ ರಾಗ್ಲನನಿಗೆ ಶತ್ರುಗಳು ಸಾಗಿಸುತ್ತಿದ್ದ ಫಿರಂಗಿಗಳು ಕಂಡವು. ಕ್ಯಾಪ್ಟನ್ ನೋಲನನು ತಂದ ಚೀಟಿಯನ್ನು ಕಣಿವೆಯಲ್ಲಿ ನಿಂತು ಓದಿದ ಅಶ್ವಸೇನೆಯ ನಾಯಕ ಲೂಕನನಿಗೆ ಅವು ಕಾಣಲಿಲ್ಲ. ಲಘು ಅಶ್ವದಳವು ಬೇರೆ ಫಿರಂಗಿಗಳ ಬಾಯಿಗೆ ನಡೆದು ಹಾಳಾಯಿತು. ಮುಂಬಯಿಯ ಆಜ್ಞೆಯನ್ನು ಕೈಯಲ್ಲಿ ಹಿಡಿದ ಮ್ಯಾಥ್ಯೂಸನ ಸ್ಥಿತಿಯೂ ಈ ಜಾತಿಯದೇ. ಕರಾವಳಿಯಲ್ಲಿ ಬಲವಾದ ನೆಲೆಯಿಲ್ಲದೆ ಘಟ್ಟದ ಮೇಲೆ ಕುಳಿತ ದಂಡಿಗೆ ಘಟ್ಟವೇ ಉರುಳೆಂಬುದು ಅವನಿಗೆ ಹೊಳೆಯದೆ ಇರಲಿಲ್ಲ. ಅವನನ್ನು ನಾನು ದೊಡ್ಡ ಸೇನಾನಿಯೆಂದು ಕೊಂಡಾಡಲಾರೆನು; ಆದರೆ ಬಿದನೂರಿನ ವಿನಾಶದ ಹೊಣೆಯನ್ನೆಲ್ಲ ಅವನ ಲೋಭದ ಮೇಲೆಯೇ ಹೊರಿಸಿದವರು ಆ ಓಲೆಯನ್ನು ಸಾಕಷ್ಟು ಓದಿಲ್ಲವೆಂದೇ ನನ್ನ ಅಭಿಪ್ರಾಯ.

ಈ ಪಂಥದ ಕೊರತೆಯೆಂದರೆ, ಮೇಜಿನ ಮೇಲೆ ಸಾಗುವ ಓಲೆಕಾರನನ್ನು ಇಬ್ಬರೂ ನೋಡುತ್ತಾರೆ. ಓಲೆ ಸಿಕ್ಕಿಬಿದ್ದುದು ಕಳುಹಿಸಿದವನಿಗೆ ತಿಳಿದುಹೋಗುತ್ತದೆ. ಟಿಪ್ಪುವಿಗೆ ಅದು ತಿಳಿದುದು ಬಿದನೂರು ಕೈಬಿಟ್ಟ ಮೇಲೆ.

ದಾಳದ ಪಂಥ

ಚೀಟಿಗಳಿಂದ ಬೇಸತ್ತವರು ದಾಳವನ್ನು ಹಿಡಿದರು. 1990ರಲ್ಲಿ ಹೊರಬಂದ ‘ಡಿ ಬೆಲ್ಲಿಸ್ ಆಂಟಿಕ್ವಿಟಾಟಿಸ್’ ಎಂಬ ನಿಯಮಾವಳಿಯಲ್ಲಿ ಪ್ರತಿ ಸರದಿಯಲ್ಲಿಯೂ ಒಂದು ದಾಳವನ್ನೆಸೆದು ಬಿದ್ದಷ್ಟು ದಳಗಳನ್ನು ಮಾತ್ರ ನಡೆಸಬಹುದು. ಸೇನಾಪತಿಯಿಂದ ದೂರವಾದ ದಳಕ್ಕೆ ಬೆಲೆ ಹೆಚ್ಚು. 2009ರ ‘ಬ್ಲ್ಯಾಕ್ ಪೌಡರ್’ ನಿಯಮಗಳಲ್ಲಿ ಆಟಗಾರನು ಮೊದಲು ತನ್ನ ಆಜ್ಞೆಯನ್ನು ಎಲ್ಲರಿಗೂ ಕೇಳುವಂತೆ ಉಚ್ಚರಿಸಿ, ಅನಂತರ ದಾಳವನ್ನೆಸೆದು, ಅದು ನೆರವೇರಿತೋ ಇಲ್ಲವೋ ಎಂಬುದನ್ನು ತಿಳಿಯಬೇಕು. ಓಲೆಕಾರನು ಬಿದ್ದನೆ, ದಳಪತಿಯು ಅಲಕ್ಷಿಸಿದನೆ, ಅಕ್ಷರ ತಿಳಿಯಲಿಲ್ಲವೆ ಎಂಬ ಕಾರಣಗಳೆಲ್ಲ ಒಂದೇ ದಾಳದೊಳಗೆ ಅಡಗಿರುತ್ತವೆ. ಆಟವು ಬೇಗ ಸಾಗುತ್ತದೆ. ಇಬ್ಬರಿಗೂ ಸಮನಾದ ಅದೃಷ್ಟ. ಯಾರ ಪಕ್ಷಪಾತಕ್ಕೂ ಎಡೆಯಿಲ್ಲ. ಇಂದು ಜನಪ್ರಿಯತೆಯಲ್ಲಿ ಈ ಪಂಥವೇ ಮುಂದು.

ಇದನ್ನು ಆಡುವವರ ಸಂತೋಷಕ್ಕೆ ಅಡ್ಡಬರುವುದು ನನ್ನ ಇಚ್ಛೆಯಲ್ಲ. ಆದರೂ ಅನಂತಪುರದ ಕೋಟೆಯ ಮುಂದೆ ಈ ದಾಳವನ್ನು ಎಸೆದು ನೋಡಿದರೆ ಏನಾದೀತು? ಆಜ್ಞೆ ನೆರವೇರಲಿಲ್ಲವೆಂದು ದಾಳವು ಹೇಳುತ್ತದೆ. ಬೇರೊಬ್ಬ ಯಜಮಾನನ ಆಜ್ಞೆ ನೆರವೇರಿತೆಂದು ಹೇಳಲಾರದು. ಅಲ್ಲಿ ನಡೆದುದು ಸಂದೇಶದ ವೈಫಲ್ಯವಲ್ಲ, ಎರಡು ಸಂದೇಶಗಳ ಸಾಫಲ್ಯ. ದಾಳವು ವಿಳಂಬವನ್ನು ಬಲ್ಲದು, ಮರೆವನ್ನು ಬಲ್ಲದು, ನಂಬಿಕೆಯನ್ನು ಅರಿಯದು. ಕುರುಕ್ಷೇತ್ರದಲ್ಲಿ ದ್ರೋಣನ ಕೈಯಿಂದ ಬಿಲ್ಲನ್ನು ಕೆಳಗಿಡಿಸಿದುದು ಅಶ್ವತ್ಥಾಮನ ಹೆಸರಿನ ವಾರ್ತೆ. ಆ ವಾರ್ತೆ ತಡವಾಗಿಯೂ ಬರಲಿಲ್ಲ, ತಪ್ಪಿಯೂ ಹೋಗಲಿಲ್ಲ. ಹೇಳಿದವನು ಧರ್ಮರಾಯನಾದುದರಿಂದ ಅದು ಬಾಣವಾಯಿತು.

ದೂತನ ಮೂರು ತೆರ

ಇಲ್ಲಿಯೇ ನಮ್ಮ ನಾಡಿನ ಒಂದು ಗ್ರಂಥವು ನೆರವಿಗೆ ಬರುತ್ತದೆ. ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿ ಆರ್. ಶಾಮಶಾಸ್ತ್ರಿಗಳು ಕಂಡು 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ‘ಅರ್ಥಶಾಸ್ತ್ರ’ವು ದೂತರನ್ನು ಮೂರು ತೆರನಾಗಿ ವಿಂಗಡಿಸುತ್ತದೆ. ಸಂದರ್ಭ ನೋಡಿ ತಾನೇ ನಿರ್ಣಯಿಸುವ ಪೂರ್ಣಾಧಿಕಾರವುಳ್ಳವನು ನಿಸೃಷ್ಟಾರ್ಥ. ಗೊತ್ತಾದ ಎಲ್ಲೆಯೊಳಗೆ ಮಾತನಾಡತಕ್ಕವನು ಪರಿಮಿತಾರ್ಥ. ಬರೆದುದನ್ನು ಮುಟ್ಟಿಸುವವನು ಶಾಸನಹರ. ಪಾಶ್ಚಾತ್ಯ ಯುದ್ಧಕ್ರೀಡೆಗಳು ನಾನು ಬಲ್ಲಮಟ್ಟಿಗೆ ಬಹುತೇಕ ಶಾಸನಹರನನ್ನೇ ಬಲ್ಲವು. ಕ್ಯಾಂಪ್‌ಬೆಲ್ಲನು ಘಟ್ಟವನ್ನಿಳಿದಾಗ ಶಾಸನಹರನೂ ಅಲ್ಲ, ಪೂರ್ಣಾಧಿಕಾರಿಯೂ ಅಲ್ಲ. ಕಳುಹಿಸಿದವನ ಸೆರೆಯಾಳು, ಕೇಳಿಸಿಕೊಳ್ಳುವವನ ಸ್ವದೇಶಿ. ಅವನ ಮಾತಿಗೆ ಬಂದ ಬೆಲೆಯು ಅಯಾಜನ ಮುದ್ರೆಯಿಂದ ಬಂದುದಲ್ಲ, ಅವನ ಮುಖದಿಂದ ಬಂದುದು.

ಮೈಸೂರಿನ ಅಂಚೆಯ ಕಥೆಯೂ ಇದನ್ನೇ ಹೇಳುತ್ತದೆ. ಚಿಕ್ಕದೇವರಾಜ ಒಡೆಯರು ಹದಿನೇಳನೆಯ ಶತಮಾನದ ಕೊನೆಯಲ್ಲಿ ನೆಲೆಗೊಳಿಸಿದ ಅಂಚೆಯವರು ಓಲೆಯನ್ನು ಸಾಗಿಸುವುದರೊಡನೆ ಊರೂರಿನ ಗುಟ್ಟುಗಳನ್ನು ಅರಸನಿಗೆ ತಿಳಿಸುವ ಕೆಲಸವನ್ನೂ ಮಾಡುತ್ತಿದ್ದರು. ಹರಿಕಾರನೆಂಬ ಶಬ್ದವು ನಮ್ಮಲ್ಲಿ ಓಲೆಕಾರನಿಗೂ ಬೇಹುಗಾರನಿಗೂ ಏಕಪ್ರಕಾರವಾಗಿ ಸಲ್ಲುತ್ತಿದ್ದುದು ಆಕಸ್ಮಿಕವಲ್ಲ. ಮೇಲಿನವನು ಕೆಳಗಿನವನಿಗೆ ಬರೆದುದು ನಿರೂಪ, ಕೆಳಗಿನವನು ಮೇಲಿನವನಿಗೆ ಬರೆದುದು ಬಿನ್ನವತ್ತಳೆ, ಅಭಯವಿತ್ತುದು ಕೌಲು. ಮೂರೂ ಬೇರೆ ಬೇರೆ ಬಗೆಯಲ್ಲಿ ಸುಳ್ಳಾಗಬಲ್ಲವು. ಮಲೆನಾಡಿನ ದಂಡಯಾತ್ರೆಯನ್ನು ಆಡಲು ಹೊರಟವನು ಈ ಮೂರಕ್ಕೂ ಬೇರೆ ಬೇರೆ ನಿಯಮಗಳನ್ನು ಬರೆಯಬೇಕು. ಸಂದೇಶವನ್ನು ಕೇವಲ ಕಾಲವಿಳಂಬವೆಂದು ಎಣಿಸಿದ ಯಾವ ಆಟವೂ ಬಿದನೂರನ್ನು ವಿವರಿಸಲಾರದು. ಯಾರು ತಂದರು, ಯಾರು ಓದಿದರು, ಯಾರು ನಂಬಿದರು ಎಂಬ ಮೂರು ಮಾತುಗಳಿಗೆ ಎಡೆಯಿರುವ ಆಟವೇ ಬೇಕು.

ತೀರದೆ ಉಳಿದವು

ಮೊದಲನೆಯದಾಗಿ ಅಳತೆಯ ಪ್ರಶ್ನೆ. ಬಿದನೂರಿನ ಓಲೆಗಳು ದಿನಗಳ, ವಾರಗಳ ಲೆಕ್ಕದಲ್ಲಿ ಸಾಗಿದುವು. ಪುಟ್ಟಪ್ರತಿಮೆಗಳ ಕದನವು ಒಂದು ಹಗಲಿನ ಕಾಳಗವನ್ನು ತೋರಿಸುತ್ತದೆ. ಪಟದ ಮೇಲೆ ದಂಡಯಾತ್ರೆಯನ್ನೂ ಮೇಜಿನ ಮೇಲೆ ಕಾಳಗವನ್ನೂ ಆಡಿ ಎರಡನ್ನೂ ಹೊಂದಿಸುವ ಕ್ರಮವನ್ನು ಬಹು ಮಂದಿ ಯತ್ನಿಸಿದ್ದಾರೆ; ಎರಡರ ಕಾಲವನ್ನು ಬೆಸೆಯುವಲ್ಲಿ ಏಕಾಭಿಪ್ರಾಯವಾಗಿಲ್ಲ. ನಮ್ಮ ಸೀಮೆಯಲ್ಲಿ ಪಟದ ತೊಡಕು ಬೇರೆ. 1964ರ ಲಿಂಗನಮಕ್ಕಿ ಅಣೆಕಟ್ಟೂ ಆಮೇಲೆ ವಾರಾಹಿ, ಚಕ್ರಾ ಹೊಳೆಗಳಿಗೆ ಕಟ್ಟಿದ ಕಟ್ಟೆಗಳೂ ಹಳೆಯ ದಾರಿಗಳಲ್ಲಿ ಅನೇಕವನ್ನು ನೀರಿನಡಿಗೆ ಸೇರಿಸಿವೆ. ಇಂದಿನ ಭೂಪಟದಿಂದ ಆ ನೀರನ್ನು ಬಸಿದು ತೆಗೆಯದೆ ಅಂದಿನ ಓಲೆಕಾರನ ಹೆಜ್ಜೆಯನ್ನು ಎಣಿಸಲಾಗದು.

ಎರಡನೆಯದು ಪ್ರಮಾಣದ ಪ್ರಶ್ನೆ. ಅಯಾಜನನ್ನು ಕೊಲ್ಲಬೇಕೆಂಬ ಪತ್ರದ ಕಥೆಗೆ ವಿಲ್ಕ್ಸನೇ ಮುಖ್ಯ ಆಧಾರ. ಅವನ ಗ್ರಂಥವು ಹೊರಬರಲಾರಂಭಿಸಿದುದು 1810ರಲ್ಲಿ, ಘಟನೆಗೆ ಇಪ್ಪತ್ತೇಳು ವರ್ಷಗಳ ಮೇಲೆ. ಅಯಾಜನು ಶರಣಾದುದು ಪ್ರಾಣಭಯದಿಂದಲೋ, ಹೈದರನು ಇಲ್ಲದ ರಾಜ್ಯದಲ್ಲಿ ತನಗೆ ನೆಲೆಯಿಲ್ಲವೆಂಬ ದೂರದೃಷ್ಟಿಯಿಂದಲೋ, ಧನದ ಆಸೆಯಿಂದಲೋ ಎಂಬುದನ್ನು ವಿದ್ವಾಂಸರು ಇಂದಿಗೂ ಬೇರೆ ಬೇರೆಯಾಗಿ ತೀರ್ಮಾನಿಸುತ್ತಾರೆ. ಟಿಪ್ಪುವಿನ ಪತ್ರಗಳಲ್ಲಿ ಕರ್ಕ್‌ಪ್ಯಾಟ್ರಿಕ್ಕನು 1811ರಲ್ಲಿ ಅನುವಾದಿಸಿ ಪ್ರಕಟಿಸಿದುವು 1785ರಿಂದೀಚಿನವು. ಮುಂಬಯಿಯ ಕಡೆಯ ಓಲೆಗಳು ಕಟ್ಟುಕಟ್ಟಾಗಿ ಉಳಿದಿರುವಲ್ಲಿ ಮೈಸೂರಿನ ಕಡೆಯವು ವಿರಳವಾಗಿರುವುದರಿಂದ, ಆಟದ ನಿಯಮಗಳೂ ತಿಳಿಯದೆಯೇ ಒಂದು ಪಕ್ಷದ ಕಿವಿಯಿಂದ ಕೇಳುವಂತಾಗಿವೆ.

ಮೂರನೆಯದು ಎಲ್ಲಕ್ಕಿಂತ ಕಠಿನವಾದುದು: ದಾಳವಿಲ್ಲದೆ, ಪಕ್ಷಪಾತವಿಲ್ಲದೆ, ನಂಬಿಕೆಯನ್ನು ಆಡಿಸಬಲ್ಲ ನಿಯಮವು ಸಾಧ್ಯವೆ? 1783ರ ಬೇಸಗೆ ಕಳೆದು ಮಂಗಳೂರಿನ ಮುತ್ತಿಗೆ ನಡೆಯುತ್ತಿದ್ದಾಗ, ಯೂರೋಪಿನಲ್ಲಿ ಇಂಗ್ಲಿಷರಿಗೂ ಫ್ರೆಂಚರಿಗೂ ಶಾಂತಿಯಾಯಿತೆಂಬ ಸುದ್ದಿ ಬಂದೊಡನೆ ಟಿಪ್ಪುವಿನ ಪಕ್ಕದಲ್ಲಿದ್ದ ಫ್ರೆಂಚ್ ದಳವು ಹಿಂದೆಗೆಯಿತು, ಆಗಸ್ಟ್‌ನಲ್ಲಿ ಕದನವಿರಾಮವಾಯಿತು, 1784ರ ಮಾರ್ಚ್ 11ರಂದು ಸಂಧಿಯಾಯಿತು. ಆ ಸುದ್ದಿಯನ್ನು ನಂಬಿ ನಡೆದ ಫ್ರೆಂಚ್ ಅಧಿಕಾರಿಯ ಬದಲು ಮತ್ತೊಬ್ಬನು ಅಲ್ಲಿದ್ದು, ಇನ್ನೊಂದು ಓಲೆ ಬರಲೆಂದು ಕಾದಿದ್ದರೆ? ಇಂತಹ ಪ್ರಶ್ನೆಗೆ ಮಧ್ಯಸ್ಥನು ಒಂದು ಉತ್ತರವನ್ನೂ ದಾಳವು ಮತ್ತೊಂದನ್ನೂ ಕೊಡುತ್ತವೆ. ಎರಡರಲ್ಲಿ ಯಾವುದು ಇತಿಹಾಸಕ್ಕೆ ಹತ್ತಿರವೆಂಬುದು ಇನ್ನೂ ನಿಶ್ಚಯವಾಗಿಲ್ಲ.

ತೀರ್ಥಹಳ್ಳಿ, ಹೊಸನಗರ, ಸಾಗರಗಳ ಶಾಲೆ ಕಾಲೇಜುಗಳಲ್ಲಿ ಇತಿಹಾಸವನ್ನು ಬೋಧಿಸುವವರಲ್ಲಿ ನನ್ನದೊಂದು ವಿಜ್ಞಾಪನೆಯುಂಟು. ಇದನ್ನಾಡಲು ಬೆಲೆಬಾಳುವ ಪ್ರತಿಮೆಗಳು ಬೇಕಾಗಿಲ್ಲ. ಮೂರು ಕೋಣೆಗಳು, ನಾಡಿನ ಒಂದು ಪಟ, ಒಂದಿಷ್ಟು ಚೀಟಿಗಳು, ಎರಡೂ ಕಡೆಯ ಪುಸ್ತಕಗಳನ್ನು ಓದಿದ ಒಬ್ಬ ಮಧ್ಯಸ್ಥ ಇವಿಷ್ಟಿದ್ದರೆ ಸಾಕು. ಒಬ್ಬ ವಿದ್ಯಾರ್ಥಿಯು ಮುಂಬಯಿಯಲ್ಲಿ ಕುಳಿತು ಬರೆಯಲಿ, ಒಬ್ಬನು ಘಟ್ಟದ ಕೆಳಗೆ ನಿಂತು ಓದಲಿ, ಒಬ್ಬಳು ಕೋಟೆಯೊಳಗಿದ್ದು ಯಾರನ್ನು ನಂಬಬೇಕೆಂದು ಯೋಚಿಸಲಿ. ಆ ಪಟದ ಮೇಲೆ ಸೇನಾಪತಿಗಳಿಗೂ ಸವಾರರಿಗೂ ಇಟ್ಟಂತೆಯೇ, ಅಯಾಜನ ಮುಂದೆ ಪತ್ರವನ್ನು ಓದಿ ಹೇಳಿದ ಆ ಬ್ರಾಹ್ಮಣನಿಗೂ ಒಂದು ಕಾಯಿಯನ್ನು ದಯವಿಟ್ಟು ಇಡಿರಿ.